ನೀಲಿ ಗುಂಡಿ

ಸಿಂಧನೂರಿನ ಅಕ್ಕಿ ಗಿರಣಿಯ ಸಾಹುಕಾರರು ಪರದೆಯ ಮೇಲಿನ ನೀಲಿ ಗುಂಡಿಯನ್ನು ಮೌಸಿನಿಂದ ಒತ್ತಿದರು. ತೇವದ ತೂಕ ಕಳೆದು ಭತ್ತದ ಲೆಕ್ಕ ಸರಿಯಾಗಿ ಮೂಡಿತು. ಆ ಲೆಕ್ಕದ ಪ್ರೋಗ್ರಾಮನ್ನು ಸಾಲುಸಾಲಾಗಿ ಬರೆದವಳು ಸುಭಾನಬಿ. ಅವಳ ಜೊತೆಗೇ ಕಲಿಯುವ ಸೂಗಪ್ಪ, ಕಂಪ್ಯೂಟರ್ ಕ್ಲಾಸಿಗೆ ಹೊಸದಾಗಿ ಬಂದ ವಿಷುವಲ್ ಬೇಸಿಕ್ ಎಂಬ ಸಾಫ್ಟ್‌ವೇರಿನಲ್ಲಿ, ಒಂದಕ್ಷರ ಬರೆಯದೆ ಗುಂಡಿಯನ್ನು ಎಳೆದು ತಂದು ಕೂರಿಸಿದ್ದ. ಗಿರಣಿಯ ಕೆಲಸ ಇಬ್ಬರಲ್ಲಿ ಒಬ್ಬರಿಗೇ.

"ಈ ಗುಂಡಿ ಯಾರು ಮಾಡಿದ್ದು?"

"ನಾನ್ರೀ," ಅಂದ ಸೂಗಪ್ಪ.

"ಭೇಷ್. ನೀ ಏನ್ ಮಾಡೀದಿ ಯವ್ವಾ?"

"ಲೆಕ್ಕ ಎಲ್ಲಾ ನಂದ್ರೀ. ಗುಂಡಿ ಒತ್ತಿದ್ರ ನಾ ಬರ್ದಿದ್ದ ಓಡ್ತೈತ್ರಿ."

"ನನ್ನ ಕಣ್ಣಿಗೇನೂ ಕಾಣವಲ್ದಲ್ಲ," ಎಂದು ಸಾಹುಕಾರರು ನಕ್ಕರು.

ಸುಭಾನಬಿ ಸೂಗಪ್ಪನ ಕಡೆ ನೋಡಿದಳು. ಅವನಿಂದ ಒಂದು ಮಾತು ಬಂದಿದ್ದರೆ ಸಾಕಿತ್ತು. ಅವನು ಪರದೆಯಿಂದ ಕಣ್ಣು ಕೀಳಲಿಲ್ಲ.

"ಗುಂಡಿ ಹಸರ ಮಾಡ್ಲೇನ್ರಿ, ಸಾವ್ಕಾರ್ರ?" ಎಂದು ಕೇಳಿದ.