ಇವತ್ತಿನ ಪದ: ರಂಪಸ್

ಬೋರ್ಡಿನ ಮೇಲೆ ಜಯಲತಾ 'ರಂಪಸ್' ಎಂದು ಇಂಗ್ಲಿಷಿನಲ್ಲಿ ಬರೆದು, "ಅಂದ್ರೆ ಗಲಾಟೆಯ ಜಗಳ. ಒಬ್ಬೊಬ್ಬರು ಒಂದೊಂದು ವಾಕ್ಯ ಯೋಚಿಸಿ," ಎನ್ನುವಷ್ಟರಲ್ಲಿ ಅಡುಗೆಮನೆಯಿಂದ ಗಂಡ ಕರೆದ. ಶಂಭು ಕರೆದ ಧಾಟಿಯಲ್ಲೇ ಅವಳಿಗೆ ಗೊತ್ತಾಯಿತು, ಮತ್ತೆ ಯತಿನ್‌ನ ತಾಯಿ ಊರ್ಮಿಳಾಳ ಫೋನು ಬಂದಿದೆ.

ಠಾಣೆ ಊರಿನ ವರ್ತಕ ನಗರದ ಆ ಫ್ಲ್ಯಾಟಿನ ಹಾಲಿನಲ್ಲಿ ಹತ್ತನೆಯ ತರಗತಿಯ ಐವರು ಟ್ಯೂಷನ್ನಿಗೆ ಕೂತಿದ್ದರು. ಯತಿನ್ ಮತ್ತು ಮೂವರು ಅದೇ ಬಿಲ್ಡಿಂಗಿನ ಮರಾಠಿ ಮಕ್ಕಳು. ಐದನೆಯವಳು ದಾನೇಶ್ವರಿ, ಅವರೆಲ್ಲರ ಮನೆಯ ಪಾತ್ರೆ ತೊಳೆಯುವ ದಾನಮ್ಮನ ಮಗಳು. ಅವಳೂ ಸೋಫಾದ ಮೇಲೆಯೇ ಕೂತಿದ್ದಳು, ಊರ್ಮಿಳಾಳ ತಕರಾರೇ ಅದು. ಅಪ್ಪ ಮಾಪಣ್ಣ ಕಲಬುರಗಿ ಕಡೆಯವನು, ನೌಪಾಡಾದ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸ. ಹೋಟೆಲಿನ ಹಿಂದಿನ ಖೋಲಿಯಲ್ಲೇ ಸಂಸಾರ, ಹುಡುಗಿ ಹುಟ್ಟಿ ಬೆಳೆದದ್ದೂ ಅಲ್ಲೇ. ಇಂಗ್ಲಿಷಿನಲ್ಲಿ ಫೇಲಾದರೆ ಶಾಲೆ ಸಾಕು, ಪ್ಯಾಕಿಂಗ್ ಕಂಪನಿಗೆ ನಡಿ ಎಂದು ಅಪ್ಪ ಹೇಳಿಬಿಟ್ಟಿದ್ದ. ಅದು ಕಿವಿಗೆ ಬಿದ್ದು ಜಯಲತಾ ತಾನೇ ಕರೆದು ಕೂರಿಸಿಕೊಂಡಿದ್ದಳು. ಮೊದಲ ದಿನ ಹುಡುಗಿ "ಹೋಗ್ತೀನ್ರಿ ಟೀಚರ್" ಎಂದಾಗ, "ಹೋಗ್ತೇನೆ ಅನ್ನಬಾರ್ದು ಮಾರಾಯ್ತಿ, ಬರ್ತೇನೆ ಅನ್ಬೇಕು. ಹೋಗ್ತೇನೆ ಅನ್ನುವುದು ಮತ್ತೆ ಬಾರದವರು," ಎಂದು ಗದರಿದ್ದಳು. ಅಂದಿನಿಂದ ದಿನವೂ "ಬರ್ತೀನ್ರಿ ಟೀಚರ್."

ಹೊರಗಿನವರು ಇದ್ದಾಗ ಜಗಳ ತುಳುವಿನಲ್ಲಿ ಆಗಬೇಕು, ಅದು ಆ ಮನೆಯ ನಿಯಮ. ಠಾಣೆಯಲ್ಲಿ ತುಳು ಎಂದರೆ ಬೀಗ ಹಾಕಿದ ಕೋಣೆ ಎಂದು ಗಂಡ ಹೆಂಡತಿಗೆ ಎಷ್ಟು ಧೈರ್ಯವೆಂದರೆ, ದನಿ ತಗ್ಗಿಸುವ ಗೋಜಿಗೂ ಹೋಗುತ್ತಿರಲಿಲ್ಲ.

"ಕೆಲಸದ ಬಾಯಿಯ ಮಗಳ ಪಕ್ಕ ಯತಿನ್ ಕೂರುವುದಿಲ್ಲವಂತೆ," ಎಂದ ಶಂಭು ತುಳುವಿನಲ್ಲಿ. "ಅವಳು ಬಂದರೆ ನಾಲ್ಕು ಜನವೂ ಬೇರೆ ಕ್ಲಾಸಿಗೆ ಹೋಗ್ತಾರಂತೆ."

"ಪರೀಕ್ಷೆ ಹತ್ತಿರ ಬಂತು. ಈಗ ಬಿಡಿಸಿದರೆ ಆ ಹುಡುಗಿ ಎಲ್ಲಿಗೆ ಹೋಗ್ಬೇಕು?"

"ಅದೇನು ನಿನ್ನ ಹೊಟ್ಟೆಯಲ್ಲಿ ಹುಟ್ಟಿದ್ದಾ? ಕ್ಲಾಸು ಮುಚ್ಚಿ ಕೂತುಕೊಳ್ತೀಯಾ ಹಾಗಾದ್ರೆ?"

"ನಿಮಗೆ ಒಂಚೂರು ಕರುಣೆ ಅನ್ನುವುದು ಉಂಟಾ?"

"ಕೆಲಸದವರನ್ನು ಸೋಫಾದಲ್ಲಿ ಕೂರಿಸಿದ್ದು ಯಾರು? ನಾನಾ, ನೀನಾ?"

ಸಿಂಕಿಗೆ ತಟ್ಟೆ ಬಿದ್ದ ಸದ್ದು. ದನಿಗಳು ಒಂದರ ಮೇಲೊಂದು ಏರಿದವು. ಆದರೆ ಒಂದು ಕಡೆ ನಾಲ್ವರು, ಇನ್ನೊಂದು ಕಡೆ ಒಬ್ಬಳು. ತಕ್ಕಡಿ ಎತ್ತ ವಾಲಿತು ಎಂದು ಕೇಳಬೇಕೇ? "ಆಯ್ತು. ಬ್ಯಾಚ್ ತುಂಬಿದೆ ಅಂತ ಇವತ್ತೇ ಹೇಳಿಬಿಡ್ತೇನೆ. ಸಾಕಾ?" ಎಂದಳು ಜಯಲತಾ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಳ್ಳೆಯವರಿಗೆ ಇಂಥ ಉಪಾಯಗಳು ಬೇಗ ಹೊಳೆಯುತ್ತವೆ.

ಸೆರಗಿನಿಂದ ಮುಖ ಒರೆಸಿ ಹಾಲಿಗೆ ಬಂದರೆ ದಾನೇಶ್ವರಿ ನೆಲದ ಮೇಲೆ ಕೂತಿದ್ದಳು.

"ಕೆಳಗೆ ಯಾಕೆ ಕೂತೆ?"

"ಇಲ್ಲೇ ಛಲೋ ಅದರಿ ಟೀಚರ್. ಗಾಳಿ ಬರ್ತದ."

ಜಯಲತಾ ಬೋರ್ಡಿನ ಕಡೆ ತಿರುಗಿದಳು. "ಯತಿನ್, ನೀನು ಹೇಳು," ಎಂದಳು. ಠಾಣೆ ಸ್ಟೇಷನ್ನಿನಲ್ಲಿ ಕಿಟಕಿ ಸೀಟಿಗಾಗಿ ರಂಪಸ್ ನಡೆಯಿತು ಎಂದ ಅವನು. ಇನ್ನೊಬ್ಬಳು ಸೊಸೈಟಿ ಮೀಟಿಂಗಿನ ಪಾರ್ಕಿಂಗ್ ರಂಪಸ್ ಹೇಳಿದಳು. ಎಲ್ಲರೂ ನಕ್ಕರು. ಕೊನೆಗೆ ದಾನೇಶ್ವರಿಯ ಸರದಿ ಬಂತು.

"ನಮ್ಮವ್ವ ರಂಪ ಅಂತಾಳಲ್ರೀ, ಅದೇ ಹೌದಲ್ರೀ ಇದು?"

"ಹೂಂ, ಹಾಗೇ ನೆನಪಿಟ್ಟುಕೋ. ಹೇಳು ನೋಡುವಾ."

ಹುಡುಗಿ ಎದ್ದು ನಿಂತಳು. ದಿನವೂ ತಡವರಿಸುವವಳು ಇಂದು ತಡವರಿಸಲಿಲ್ಲ. ಒಬ್ಬ ಹುಡುಗಿ ಬರುವುದನ್ನು ನಿಲ್ಲಿಸಿದರೆ ಟೀಚರ ಮನೆಯಲ್ಲಿ ರಂಪಸ್ ಇರುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ, ಹಾಗೆಯೇ ನಿಂತಳು.

ಯತಿನ್ ಕಿಸಕ್ಕೆಂದ. ಒಳಗಿನ ತುಳು ಜಗಳ ಅವನಿಗೇನೂ ಅರ್ಥವಾಗಿರಲಿಲ್ಲ. ಜಗಳದ ದನಿ ತಿಳಿಯಲು ಭಾಷೆ ಬೇಕಿಲ್ಲ, ಹುಡುಗಿ ಏನೋ ಊಹಿಸಿದ್ದಾಳೆ ಎಂದು ಜಯಲತಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು. "ಸರಿ ಉಂಟು, ಕೂತ್ಕೋ," ಎಂದಳು. ಬೋರ್ಡು ಒರೆಸತೊಡಗಿದಳು.

ಕ್ಲಾಸು ಮುಗಿದು ನಾಲ್ವರೂ ಹೋದರು. ದಾನೇಶ್ವರಿ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದಳು. ಈಗ ಹೇಳದಿದ್ದರೆ ಎಂದೂ ಹೇಳಲಾಗುವುದಿಲ್ಲ.

"ದಾನೇಶ್ವರಿ, ಒಂದು ನಿಮಿಷ. ಏನಾಯ್ತು ಗೊತ್ತುಂಟಾ, ನಮ್ಮ ಬ್ಯಾಚ್..."

"ತುಂಬ್ಯಾದ," ಎಂದಳು ಹುಡುಗಿ, ತಲೆ ಎತ್ತದೆ. "ಗೊತ್ತದರಿ."

ಹೋಟೆಲಿನ ಹಿಂದಿನ ಖೋಲಿ, ಅಲ್ಲಿನ ಅಡುಗೆ ಭಟ್ಟರು, ಸಪ್ಲೈಯರುಗಳು, ಅವರು ದಿನವಿಡೀ ಆಡುವ ಮಾತು, ಎಲ್ಲ ಈಗ ಜಯಲತಾಳಿಗೆ ನೆನಪಾಯಿತು. ನಾಚಿಕೆಯಿಂದ ನೆಲ ನೋಡಿದಳು. ಬೇಡ, ನಾಳೆಯೂ ಬಾ ಎನ್ನಲು ಅವಳಿಗೆ ಬೇಕಾದಷ್ಟು ಸಮಯವಿತ್ತು. ಎನ್ನಲಿಲ್ಲ.

ಒಳಗಿನಿಂದ ಶಂಭು ಎಂದಿನಂತೆ ಗಟ್ಟಿಯಾಗಿ, ತುಳುವಿನಲ್ಲೇ ಕೇಳಿದ. "ಹೇಳಿದೆಯಾ ಅವಳಿಗೆ?"

ಎರಡು ಮೆಟ್ಟಿಲು ಇಳಿದಿದ್ದ ಹುಡುಗಿ ತಿರುಗಿ ನಿಂತಳು. ಅವನಿಗೂ ಕೇಳಿಸುವಂತೆ, ಅಪ್ಪಟ ತುಳುವಿನಲ್ಲಿ ಹೇಳಿದಳು:

"ಯಾನ್ ಪೋಪೆ, ಟೀಚರ್."

ಹೋಗುತ್ತೇನೆ ಎಂದಳು. ಬರುತ್ತೇನೆ ಎನ್ನಲಿಲ್ಲ.