ಐಸ್ ಡಾನ್ಸಿನ ಜೋಡಿ

ಎಂದಿನಂತೆ ಆ ಬೆಳಿಗ್ಗೆಯೂ ಅಮ್ಮ ನನ್ನ ಜಡೆ ಬಿಗಿದು, ಫ್ಲಾಸ್ಕಿಗೆ ಬಿಸಿ ಹಾಲು ತುಂಬಿದಳು. ನಾವಿದ್ದ ವಿಟ್ಬಿ ಊರಿನ ಸ್ಕೇಟಿಂಗ್ ರಿಂಕಿನಲ್ಲಿ ಐಸ್ ಡಾನ್ಸಿಗೆ ಜೋಡಿಯಾಗುವ ಹುಡುಗರು ಕಡಿಮೆ. ಅಂದು ಮಧ್ಯಾಹ್ನ ಒಬ್ಬನ ಮನೆಯವರು ನನ್ನನ್ನು ನೋಡಲು ಬರುವವರಿದ್ದರು. ಮುಂದೆ ಚಾಂಪಿಯನ್ ಆದವನು ಅವನೇ. ರಿಂಕಿನ ಸುತ್ತ ಹಾಸಿರುವಂಥ ಒದ್ದೆ ರಬ್ಬರ್ ಮ್ಯಾಟಿನ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ಕಣ್ಣಿಗೆ ಕಟ್ಟುತ್ತದೆ.

ನಾನೂ ಅವನೂ ಒಂದು ಹೆಜ್ಜೆಯೂ ತಪ್ಪದೆ ಐಸ್ ಮೇಲೆ ಕುಣಿದೆವು. ಕೋಚ್ ಚಪ್ಪಾಳೆ ತಟ್ಟಿದರು. ಅವನ ತಾಯಿ ನನ್ನ ಕೈಯನ್ನು ಮಗನ ಕೈಯ ಪಕ್ಕಕ್ಕೆ ಹಿಡಿದು ನೋಡಿ, "ಶೀ ಈಸ್ ಲವ್ಲಿ. ಬಟ್ ದೇ ಡೋಂಟ್ ಮ್ಯಾಚ್," ಎಂದರು. ಅಮ್ಮ ಥ್ಯಾಂಕ್ಯೂ ಎಂದಳು.

"ನಾನು ಎಲ್ಲಿ ತಪ್ಪಿದೆ ಅಮ್ಮಾ?" ಎಂದು ಕಾರಿನಲ್ಲಿ ಕೇಳಿದೆ. ಅವಳು ಹೀಟರ್ ಜೋರು ಮಾಡಿದಳು.

ಸಂಜೆ ವಿಷಯ ಕೇಳಿದ ಪಕ್ಕದ ಮನೆಯ ಕನ್ನಡದ ಆಂಟಿ, ಕೊತ್ತಂಬರಿ ಬಿಡಿಸುತ್ತಲೇ ಅಮ್ಮನಿಗೆ ಹೇಳಿದರು: "ಎರಡು ವಾರ ಕಡಲೆಹಿಟ್ಟು ಹಚ್ಚಿ ಕರ್ಕೊಂಡು ಹೋಗ್ಬೇಕಿತ್ತು ಕಣ್ರೀ."