ಕತ್ತರಿಸಿದ ಮೈಕು

“ಇದನ್ನ ಯಾರು ಕತ್ತರಿಸಿದ್ದು ಆಂಟಿ?”

ಮಧುಕುಮಾರ್ ಹೆಡ್‌ಫೋನನ್ನು ಬೆಳಕಿಗೆ ಹಿಡಿದ. ಬಾಯಿಯ ಹತ್ತಿರ ಬರಬೇಕಾದ ಮೈಕಿನ ಕಡ್ಡಿ ಇರಲಿಲ್ಲ. ಮುರಿದದ್ದಲ್ಲ. ಬುಡದಲ್ಲಿ ನೀಟಾಗಿ ಕತ್ತರಿಸಿದ್ದು.

“ನಾನೇ,” ಎಂದರು ಲಕ್ಷ್ಮಿದೇವಮ್ಮ. “ದನಿ ಆಚೆ ಹೋಗಬಾರದು ಅಂತ.”

ಮಾರೇನಹಳ್ಳಿಯ ಆ ಕಂಪ್ಯೂಟರ್ ಅಂಗಡಿಗೆ ಇಂಥ ತಾಯಂದಿರು ಹೊಸಬರಲ್ಲ. ಮಧುಕುಮಾರ್ ನಕ್ಕ. “ಗೊತ್ತಾಯ್ತು ಬಿಡಿ. ಆಟ ಆಡ್ತಾ ಹುಡುಗ್ರು ಬಾಯಿಗೆ ಬಂದಂಗೆ ಬೈತಾರೆ, ಬೀದಿಗೆಲ್ಲ ಕೇಳ್ಸುತ್ತೆ. ನಮ್ಮಮ್ಮ ನನ್ನ ಮೌಸನ್ನ ಅಕ್ಕಿ ಡಬ್ಬದಲ್ಲಿ ಬಚ್ಚಿಡೋರು.”

ಲಕ್ಷ್ಮಿದೇವಮ್ಮ ನಗಲಿಲ್ಲ. ಹೆಗ್ಗನಹಳ್ಳಿಯಿಂದ ಹಳೇ ಸೀರೆಯಲ್ಲಿ ಸುತ್ತಿ, ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಕಂಪ್ಯೂಟರ್ ಪೆಟ್ಟಿಗೆ ಈಗ ಮೇಜಿನ ಮೇಲೆ ಬಾಯಿ ತೆರೆದು ಮಲಗಿತ್ತು. ಒಳಗೆಲ್ಲ ಹತ್ತಿಯಂಥ ಧೂಳು. ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸಿನಲ್ಲಿ ಅವರು ಹೊಲಿಯುತ್ತಿದ್ದ ಮಿಷನ್ನಿನೊಳಗೂ ಹೀಗೇ ಕೂರುತ್ತಿತ್ತು.

“ತೊಂದ್ರೆ ಏನು?”

“ಗುಂಡು ಹೊಡೆಯೋ ಹೊತ್ತಿಗೆ ಸರಿಯಾಗಿ ನಿಂತುಬಿಡುತ್ತಂತೆ. ಮನೆಯೊಳಗೆ ನುಗ್ಗಿದ್ರೆ ಗೋಡೆ ಕಾಣಿಸೋಕೇ ತಡ ಆಗುತ್ತೆ. ಅಷ್ಟರಲ್ಲಿ ಹಿಂದಿನಿಂದ ಹೊಡೆದಿರ್ತಾರೆ.”

“ಪರವಾಗಿಲ್ವೇ. ಮಗ ಚೆನ್ನಾಗಿ ಹೇಳಿ ಕಳ್ಸಿದಾನೆ.”

“ಒಂದೆರಡು ಪಾರ್ಟ್ ಹಾಕಿದ್ರೆ ಆಗಲ್ವಾ?”

“ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ಈ ಬೋರ್ಡ್ ತಡೆಯಲ್ಲ. ಬೋರ್ಡ್ ಬದಲಾಯಿಸಿದ್ರೆ ಹಳೇ ಪ್ರೊಸೆಸರ್ ಕೂರಲ್ಲ. ಕೊನೆಗೆ ಹಳೇದು ಅಂತ ಉಳಿಯೋದು ಈ ಡಬ್ಬ ಒಂದೇ. ಸೋಮವಾರ ಆ ಆಟಕ್ಕೆ ಅಪ್‌ಡೇಟ್ ಬೇರೆ ಬರ್ತಿದೆ. ಆಮೇಲೆ ಇದ್ರಲ್ಲಿ ಆಟ ತೆರೆಯೋದೂ ಇಲ್ಲ. ಹೊಸದು ತಗೊಳ್ಳಿ.”

“ಹೊಸದರಲ್ಲಿ ಮೈಕು ಕೆಡುತ್ತಾ?”

“ಯಾಕೆ ಕೆಡುತ್ತೆ ಆಂಟಿ? ಹೆಡ್‌ಫೋನೂ ನಾನೇ ಕೊಡ್ತೀನಿ. ಉಸಿರಾಡಿದ್ರೂ ಆ ಕಡೆಯವರಿಗೆ ಕೇಳ್ಸುತ್ತೆ.”

ಲಕ್ಷ್ಮಿದೇವಮ್ಮ ಹಳೇ ಹೆಡ್‌ಫೋನನ್ನು ತಮ್ಮ ಕಡೆಗೆ ಎಳೆದುಕೊಂಡರು.

“ಮಗನಿಗೆ ಫೋನ್ ಮಾಡಿ ಕೊಡಿ. ನಾನೇ ಮಾತಾಡ್ತೀನಿ.”

“ಅವನು ನನ್ನ ಜೊತೆ ಮಾತಾಡಲ್ಲ.”

“ಊಟಕ್ಕೆ ಕರೆದ್ರೂ?”

“ಕರೆದ್ರೂ ಬರಲ್ಲ.”

“ಎಲ್ಲರ ಮನೇಲೂ ಅದೇ ಕತೆ,” ಎಂದು ಮಧುಕುಮಾರ್ ಬ್ರಷ್ಷಿನಿಂದ ಧೂಳು ತೆಗೆಯತೊಡಗಿದ.

ಅದೇ ಕತೆಯಾಗಿರಲಿಲ್ಲ. ಭೈರೇಶ ಮಾತು ಬಿಟ್ಟದ್ದು ಕೀರ್ತನಾಳ ವಿಷಯಕ್ಕೆ. ಅವನು ಮದುವೆಯಾಗಬೇಕೆಂದಿದ್ದ ಹುಡುಗಿ. ಅವಳನ್ನು ಹಜಾರದಲ್ಲಿ ನಿಲ್ಲಿಸಿಕೊಂಡೇ ಲಕ್ಷ್ಮಿದೇವಮ್ಮ ಅವಳ ಜಾತಿಯ ಬಗ್ಗೆ ಒಂದು ಮಾತು ಆಡಿದ್ದರು. ಆಡಿದ ಮೇಲೆ ಅದು ಎಂಥ ಮಾತೆಂದು ಅವರಿಗೇ ತಿಳಿಯಿತು. ಭೈರೇಶ ಕೂಗಾಡಲಿಲ್ಲ. “ಇನ್ಮೇಲೆ ನಿನ್ನ ದನಿ ನನ್ನ ಕಿವಿಗೆ ಬೀಳಬಾರದು” ಎಂದಷ್ಟೇ ಹೇಳಿದ. ಎರಡು ವರ್ಷವಾಯಿತು. ಬಿದ್ದಿಲ್ಲ.

ಮಗನ ಕಡೆಗೆ ಉಳಿದಿರುವ ದಾರಿ ಈ ಪೆಟ್ಟಿಗೆ ಒಂದೇ. ಇದು ನಿಂತರೆ ಅವನು ಪೂರ್ತಿ ಕೈತಪ್ಪುತ್ತಾನೆ. ಹೊಸದು ತಂದರೂ ಕೈತಪ್ಪುತ್ತಾನೆ. ಹೇಗೆಂದು ಮಧುಕುಮಾರನಿಗೆ ಬಿಡಿಸಿ ಹೇಳುವಂತಿರಲಿಲ್ಲ.

“ಯೋಚನೆ ಮಾಡಿ ಹೇಳ್ತೀನಿ. ಸದ್ಯಕ್ಕೆ ಓಡೋ ಹಂಗೆ ಮಾಡಿಕೊಡಪ್ಪ.”

“ಮಗ ನನ್ನ ಬೈಕೋತಾನೆ.”

“ಬೈಯಲ್ಲ.”

ಮನೆ ಗೇಟಿನಲ್ಲಿ, ಮೇಲಿನ ಮನೆಗೆ ಬಾಡಿಗೆಗೆ ಬಂದಿರುವ ಜಗದಾಂಬಾ ಒಗೆದ ಬಟ್ಟೆಯ ಬಕೆಟ್ ಹಿಡಿದು ನಿಂತಿದ್ದಳು. “ರಿಪೇರಿ ಆಯ್ತಾ? ಮತ್ತೆ ಶುರು ಹಾಗಾದ್ರೆ. ಈ ಮನೆಗೆ ಬಂದು ಇಷ್ಟು ದಿನ ಆಯ್ತು, ಆ ಕಿಟಕಿಲಿ ನೀಲಿ ಬೆಳಕು ನೋಡಿದೀನೇ ಹೊರತು ನಿಮ್ಮ ಮಗನ ಮುಖ ನೋಡಿಲ್ಲ.”

“ನಾನೂ ನೋಡಿಲ್ಲಮ್ಮ,” ಎಂದರು ಲಕ್ಷ್ಮಿದೇವಮ್ಮ.

ತಮಾಷೆಯೆಂದುಕೊಂಡು ಜಗದಾಂಬಾ ಜೋರಾಗಿ ನಕ್ಕಳು.

ಭೈರೇಶನ ಕೋಣೆಯಲ್ಲಿ ಪೆಟ್ಟಿಗೆಯನ್ನು ಅದರ ಜಾಗದಲ್ಲಿಟ್ಟು ವೈರುಗಳನ್ನು ಅವರೇ ಒಂದೊಂದಾಗಿ ಸಿಕ್ಕಿಸಿದರು. ಮಗ ಕಾಲೇಜಿನಲ್ಲಿದ್ದಾಗ ಎಷ್ಟೋ ಸಂಜೆ ಕಾಫಿ ಲೋಟ ಹಿಡಿದು ಅವನ ಬೆನ್ನ ಹಿಂದೆ ನಿಂತು ಆಟ ನೋಡಿದ್ದರು. ಆಟದಲ್ಲಿ ಅವನಿಟ್ಟುಕೊಂಡ ಹೆಸರು, ಅವನು ನುಗ್ಗುವ ಬಾಗಿಲು, ಅಡಗುವ ಮೂಲೆ ಎಲ್ಲ ಅವರಿಗೆ ಗೊತ್ತಿತ್ತು. ಕಾಫಿ ಆರುತ್ತೆ ಎಂಬುದಷ್ಟೇ ಆಗ ಅವರ ಪಾಲಿನ ಮಾತು.

ಸಂಜೆ ಕೋಣೆಯ ಬಾಗಿಲು ಮುಚ್ಚಿತು. ಒಳಗೆ ಫ್ಯಾನು ಗರಗರ ಎಂದು ತಿರುಗಿ ಪರದೆ ಬೆಳಗಿತು. ಹೆಡ್‌ಫೋನಿನಲ್ಲಿ ಜೊತೆಯಾಟಗಾರನ ದನಿ ಬಂತು.

“ಲೋ ಕೆಂಚ, ಬಂದ್ಯಾ? ಎರಡು ದಿನದಿಂದ ಹಿಂದೆ ಕಾಯೋಕೆ ಯಾರೂ ಇಲ್ದೆ ಸತ್ತು ಸತ್ತು ಸಾಕಾಯ್ತು ಕಣೋ.”

ಉತ್ತರ ಅಕ್ಷರಗಳಲ್ಲಿ ಮೂಡಿತು: ‘ಸಿಸ್ಟಂ ಕೆಟ್ಟಿತ್ತು.’

“ಆ ಡಬ್ಬ ಬಿಸಾಕಿ ಹೊಸದು ತಗೋ ಗುರು. ಸೋಮವಾರದಿಂದ ಹೊಸ ಮ್ಯಾಪು, ಬಾಯಿಬಿಟ್ಟು ಮಾತಾಡ್ದೆ ಆಗಲ್ಲ. ಮೈಕ್ ಇಲ್ದಿರೋರನ್ನ ಟೀಮಲ್ಲಿ ಇಟ್ಕೊಳ್ಳಲ್ಲ ಅಂತಿದಾರೆ ಎಲ್ಲ. ನಾನೇ ತಡೆದಿದೀನಿ.”

‘ನೋಡ್ತೀನಿ.’

“ಏನು ನೋಡ್ತೀಯೋ. ಇಷ್ಟು ದಿನ ಜೊತೇಲಿ ಆಡಿದೀವಿ, ಒಂದು ಸಲನಾದ್ರೂ ನಿನ್ನ ದನಿ ಕೇಳ್ಬೇಕು ಮಗಾ.” ಆ ಕಡೆ ಬಾಗಿಲು ತೆರೆದ ಸದ್ದು, ಲೋಟ ಇಟ್ಟ ಸದ್ದು. “ನೋಡು, ಕೀರ್ತನಾ ಇಲ್ಲೇ ನಿಂತು ಹೇಳ್ತಿದಾಳೆ. ನಿಮ್ಮ ಕೆಂಚನ್ನ ಒಂದ್ಸಲ ಕೆಂಗೇರಿಗೆ ಊಟಕ್ಕೆ ಕರೀರಿ ಅಂತ.”

ಲಕ್ಷ್ಮಿದೇವಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡು, ಭೈರೇಶನಿಗೆ ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆದರು: ‘ಹೊಸದು ಆಗಲ್ಲ ಮಗಾ. ಭಾನುವಾರದವರೆಗೂ ಆಡೋಣ.’